ನಮ್ಮ ಮನೆಯಲ್ಲಿ ಅಂಥದ್ದು ಇಲ್ಲ

ಶೇಖರ ಹದಿನೆಂಟು ವರ್ಷಗಳಿಂದ ಬಸ್ ಕಂಡಕ್ಟರ್. ಬಜಗೋಳಿಯಿಂದ ಹೊರಟು ಕಾರ್ಕಳ, ಬೈಲೂರು, ಹಿರಿಯಡ್ಕ, ಮಣಿಪಾಲ ದಾಟಿ ಉಡುಪಿ ಮುಟ್ಟುವ ಖಾಸಗಿ ಬಸ್ಸು. ಮುದುಕರ ಚೀಲ ತಾನೇ ಇಳಿಸಿಕೊಡುತ್ತಿದ್ದ, ಬಸುರಿಯರಿಗೆ ಸೀಟು ಬಿಡಿಸಿಕೊಡುತ್ತಿದ್ದ. ಒಳ್ಳೆಯ ಮನುಷ್ಯನೆಂದೇ ಎಲ್ಲರೂ ಹೇಳುತ್ತಿದ್ದರು. ಅವನಿಗೂ ಆ ಬಗ್ಗೆ ಅನುಮಾನವಿರಲಿಲ್ಲ.

ಬೈಲೂರಿನಲ್ಲಿ ದಿನಾ ಬೆಳಿಗ್ಗೆ ಜೆನಿಫರ್ ಎಂಬ ಹೆಂಗಸು ಹತ್ತುತ್ತಿದ್ದಳು. ಮೂವತ್ತು ದಾಟಿದ ವಯಸ್ಸು, ಎತ್ತರ ನಾಲ್ಕು ಅಡಿಗೂ ಕಡಿಮೆ. ಮೈ ಎಲ್ಲರಂತೆಯೇ ಇತ್ತು. ಕೈಕಾಲು ಮಾತ್ರ ಗಿಡ್ಡ. ಮಣಿಪಾಲದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಬಸ್ಸಿನ ಮೆಟ್ಟಿಲು ಅವಳಿಗೆ ಎತ್ತರವಾಗುತ್ತಿತ್ತು, ಆದರೂ ಸರಳು ಹಿಡಿದು ತಾನೇ ಹತ್ತುತ್ತಿದ್ದಳು. ಶೇಖರ ಮಾತ್ರ ಅವಳು ಕೇಳದಿದ್ದರೂ ರಟ್ಟೆ ಹಿಡಿದು ಎತ್ತಿ ಒಳಗೆ ಬಿಡುತ್ತಿದ್ದ. "ಅರ್ಧ ಟಿಕೆಟ್ ಬಂತು, ದಾರಿ ಬಿಡಿ" ಎನ್ನುತ್ತಿದ್ದ. ಬಸ್ಸು ನಗುತ್ತಿತ್ತು. ಅವಳು ಪೂರ್ತಿ ಟಿಕೆಟಿನ ಚಿಲ್ಲರೆ ಕೊಟ್ಟು ಕಿಟಕಿಯ ಕಡೆ ತಿರುಗುತ್ತಿದ್ದಳು. ಅದು ಪ್ರೀತಿಯ ತಮಾಷೆ ಎಂದೇ ಶೇಖರ ತಿಳಿದಿದ್ದ.

ಅವನ ಒಬ್ಬಳೇ ಮಗಳು ಯಶ್ಮಿತಾ ಆಗ ಆರನೇ ಕ್ಲಾಸು. ಎರಡನೇ ಕ್ಲಾಸಿನ ಮಕ್ಕಳ ಜೊತೆ ನಿಂತರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಮೂರು ವರ್ಷದ ಹಿಂದಿನ ಫ್ರಾಕು ಈಗಲೂ ಸರಿಯಾಗುತ್ತದೆಂದು ಹೆಂಡತಿ ಪ್ರಫುಲ್ಲಾ ಒಂದೆರಡು ಸಲ ಆತಂಕದಿಂದ ಹೇಳಿದ್ದಳು. ತನ್ನ ಅಕ್ಕಂದಿರೂ ತಡವಾಗಿಯೇ ಬೆಳೆದದ್ದು ಎಂದು ಶೇಖರ ಆ ಮಾತನ್ನು ಮುಗಿಸಿದ್ದ.

ಒಂದು ಶನಿವಾರ ಮಗಳನ್ನು ಅದೇ ಬಸ್ಸಿನಲ್ಲಿ ಉಡುಪಿಗೆ ಕರೆದುಕೊಂಡು ಹೊರಟ. ಅವಳು ಬಾಗಿಲ ಹತ್ತಿರದ ಸೀಟಿನಲ್ಲಿ ಜೆನಿಫರಳ ಪಕ್ಕ ಕುಳಿತು ದಾರಿಯುದ್ದಕ್ಕೂ ಹರಟಿದಳು. ಮಣಿಪಾಲದಲ್ಲಿ ಇಳಿಯುವಾಗ ಜೆನಿಫರ್ ಬಾಗಿಲ ಬಳಿ ನಿಂತು ತಗ್ಗಿದ ದನಿಯಲ್ಲಿ ಹೇಳಿದಳು:

"ಶೇಖರಣ್ಣ, ಮಗಳಿಗೆ ಹನ್ನೊಂದು ವರ್ಷ ಅಂತೆ ಅಲ್ವಾ? ಒಮ್ಮೆ ಡಾಕ್ಟರಿಗೆ ತೋರಿಸಿ. ಅವಳದ್ದು ನನ್ನ ಹಾಗೆ ಅಲ್ಲ, ಕೈಕಾಲು ಮೈಗೆ ಸರಿಯಾಗಿ ಉಂಟು. ಅಂಥದ್ದಕ್ಕೆ ಮದ್ದು ಇರ್ತದೆ. ತಡ ಮಾಡಬೇಡಿ."

ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ಶೇಖರನ ಮುಖಕ್ಕೆ ರಕ್ತ ನುಗ್ಗಿತು.

"ಎಲ್ಲರನ್ನೂ ನಿಮ್ಮ ಸಾಲಿಗೆ ಸೇರಿಸಬೇಡಿ," ಎಂದ. "ನಮ್ಮ ಮನೆಯಲ್ಲಿ ಅಂಥದ್ದು ಇಲ್ಲ."

ಅವಳ ಕಾಲು ನೆಲಕ್ಕೆ ಸರಿಯಾಗಿ ಊರುವ ಮೊದಲೇ ಸೀಟಿ ಊದಿದ. ಅವಳು ಮುಗ್ಗರಿಸಿದಳು, ಬುತ್ತಿಯ ಚೀಲ ರಸ್ತೆಗೆ ಬಿತ್ತು. ಬಸ್ಸು ನಿಲ್ಲಲಿಲ್ಲ. ಸೋಮವಾರದಿಂದ ಅವಳು ಆ ಬಸ್ಸಿಗೆ ಬರಲಿಲ್ಲ.

ಇದನ್ನು ಶೇಖರ ಮನೆಯಲ್ಲಿ ಹೇಳಲಿಲ್ಲ. ಆದರೆ ಒಳಗೆ ಅಳುಕು ಹೊಕ್ಕಿತ್ತು. ಮಗಳನ್ನು ಹಗ್ಗದಾಟ ಆಡಿಸಿದ, ಜಾಹೀರಾತಿನ ಪುಡಿಯನ್ನು ಹಾಲಿಗೆ ಬೆರೆಸಿ ಕುಡಿಸಿದ, ಬಾಗಿಲ ಚೌಕಟ್ಟಿಗೆ ಕಂಬಿ ಹೊಡೆಸಿ ಜೋತಾಡಿಸಿದ. ಡಾಕ್ಟರ ಹತ್ತಿರ ಮಾತ್ರ ಹೋಗಲಿಲ್ಲ. ಹೋದರೆ ಊರಿಗೆ ಗೊತ್ತಾಗುತ್ತದೆ. ಹೀಗೇ ಎರಡು ವರ್ಷ ಕಳೆಯಿತು. ಕೊನೆಗೆ ಪ್ರಫುಲ್ಲಾ ಗಂಡನನ್ನು ಕೇಳದೆಯೇ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಂಗೈಯ ಎಕ್ಸ್‌ರೇ, ರಕ್ತ ಪರೀಕ್ಷೆ, ತಲೆಯ ಸ್ಕ್ಯಾನ್ ಎಲ್ಲ ಆದ ಮೇಲೆ ಡಾಕ್ಟರು ತಂದೆಯನ್ನೂ ಬರಹೇಳಿದರು.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಕುಳ್ಳಾಗಿರಲು ನೂರಾರು ಕಾರಣಗಳಿವೆ. ಕೆಲವರಿಗೆ ಹುಟ್ಟುವ ಮೊದಲೇ ಒಂದು ಜೀನಿನಲ್ಲಿ ಬದಲಾವಣೆಯಾಗಿ ಕೈಕಾಲಿನ ಎಲುಬು ಗಿಡ್ಡವಾಗುತ್ತದೆ. ಬಹಳ ಸಲ ತಂದೆತಾಯಿ ಎಲ್ಲರಷ್ಟೇ ಎತ್ತರವಿರುತ್ತಾರೆ. ಅದು ಯಾರ ತಪ್ಪೂ ಅಲ್ಲ, ಪಾಪವೂ ಅಲ್ಲ. ಯಶ್ಮಿತಾಳದ್ದು ಬೇರೆ. ಮಿದುಳಿನ ಬುಡದಲ್ಲಿರುವ ಪುಟ್ಟ ಗ್ರಂಥಿ ಬೆಳವಣಿಗೆಯ ಹಾರ್ಮೋನನ್ನು ಸಾಕಷ್ಟು ಕೊಡುತ್ತಿಲ್ಲ. ಅದನ್ನು ದಿನಾ ಸೂಜಿಯಲ್ಲಿ ಕೊಡಬಹುದು. ಆದರೆ ಎಲುಬಿನ ತುದಿಗಳು ಕೂಡಿಕೊಂಡು ಬೆಳವಣಿಗೆ ನಿಲ್ಲುವ ತನಕ ಮಾತ್ರ ಉಪಯೋಗ.

"ಇನ್ನೂ ಸಮಯ ಉಂಟು, ಹೆಚ್ಚಿಲ್ಲ," ಎಂದರು. "ಎರಡು ವರ್ಷ ಮೊದಲು ಬಂದಿದ್ದರೆ ಒಳ್ಳೆಯದಿತ್ತು. ಯಾರೂ ಹೇಳಲಿಲ್ವಾ ನಿಮಗೆ?"

"ಇಲ್ಲ," ಎಂದ ಶೇಖರ.

ಯಶ್ಮಿತಾ ತಲೆಯೆತ್ತಿ ಅಪ್ಪನನ್ನು ನೋಡಿದಳು. ಹೊರಗೆ ಲಿಫ್ಟಿಗೆ ಕಾಯುವಾಗ ಮೆಲ್ಲಗೆ ಕೇಳಿದಳು: "ಜೆನಿಫರ್ ಅಕ್ಕ ಹೇಳಿದ್ರಲ್ವಾ ಪಪ್ಪ?"

ಪ್ರಫುಲ್ಲಾ ಗಂಡನ ಮುಖ ನೋಡಿದಳು. ಶೇಖರ ಅಲ್ಲಿಯೇ ನಿಂತು ಎಲ್ಲವನ್ನೂ ಹೇಳಿದ, ಸೀಟಿ ಊದಿದ್ದನ್ನೂ ಬಿಡದೆ. ಅವಳು ಬಯ್ಯಲಿಲ್ಲ. ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋದಳು. ಆಮೇಲೆ ಎಷ್ಟೋ ದಿನ ಮನೆಯಲ್ಲಿ ಬೇಕಾದಷ್ಟೇ ಮಾತು.

ಮರುವಾರ ರಜೆ ಹಾಕಿ ಶೇಖರ ಆ ಲ್ಯಾಬನ್ನು ಹುಡುಕಿಕೊಂಡು ಹೋದ. ರಕ್ತ ಕೊಡುವವರ ಸಾಲಿನಲ್ಲೇ ನಿಂತ. ಜೆನಿಫರ್ ಎತ್ತರದ ಸ್ಟೂಲಿನ ಮೇಲೆ ಕುಳಿತು ಒಬ್ಬೊಬ್ಬರ ತೋಳಿಗೆ ಪಟ್ಟಿ ಕಟ್ಟುತ್ತಿದ್ದಳು. ಅವಳನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವನ ಸರದಿ ಬಂದಾಗ ಚೀಟಿ ಕೇಳಿದಳು, ಆಮೇಲೆ ಗುರುತು ಹಿಡಿದಳು. ಅವನು ತಪ್ಪಾಯಿತು ಎಂದ. ಮಗಳ ವಿಷಯವನ್ನೂ ಹೇಳಿದ.

ಜೆನಿಫರ್ ಕೈಯಲ್ಲಿದ್ದ ಪಟ್ಟಿಯನ್ನು ಮೇಜಿನ ಮೇಲಿಟ್ಟಳು.

"ನನಗೆ ಅಂದದ್ದು ದೊಡ್ಡ ಸಂಗತಿ ಅಲ್ಲ, ಅಭ್ಯಾಸ ಉಂಟು," ಎಂದಳು. "ನೀವು ಹಾಗೆ ಹೇಳುವಾಗ ಮಗಳು ಕೇಳ್ತಾ ಇದ್ದಳು. ಕುಳ್ಳಾದರೆ ಮನೆಯಲ್ಲಿ ಜಾಗ ಇಲ್ಲ ಅಂತ ಅವಳಿಗೆ ಅನ್ನಿಸಿರ್ತದೆ. ಅದಕ್ಕೆ ಎಂತ ಮಾಡ್ತೀರಿ ನೋಡಿ."

ಹಿಂದಿನವರು ಕಾಯುತ್ತಿದ್ದರು. ಅವನು ಪಕ್ಕಕ್ಕೆ ಸರಿದ.

ಸೂಜಿ ಶುರುವಾದ ಮೊದಲ ವರ್ಷ ಯಶ್ಮಿತಾ ಒಂಬತ್ತು ಸೆಂಟಿಮೀಟರ್ ಬೆಳೆದಳು, ಆಮೇಲೆ ಕಡಿಮೆಯಾಗುತ್ತ ಬಂತು. ಹದಿನಾರಕ್ಕೆ ನಾಲ್ಕು ಅಡಿ ಎಂಟು ಇಂಚು. ಎಲುಬು ಕೂಡಿಕೊಂಡಿದೆ, ಇನ್ನು ಸಾಕು ಎಂದರು ಡಾಕ್ಟರು. ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ತನ್ನ ಸೂಜಿಯನ್ನು ಎರಡನೇ ತಿಂಗಳಿನಿಂದ ತಾನೇ ಚುಚ್ಚಿಕೊಂಡವಳು; ರಕ್ತ ಪರೀಕ್ಷೆಗೆ ಹೋಗಿ ಬಂದು ಜೆನಿಫರಳಿಗೆ ಹತ್ತಿರವಾದಳು, ಈಗ ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮಾಡಬೇಕೆಂದು ಭಾನುವಾರ ಜೆನಿಫರಳ ಮನೆಗೆ ಓದಲು ಹೋಗುತ್ತಾಳೆ.

ಶೇಖರನೇ ಬೈಕಿನಲ್ಲಿ ಬಿಡುತ್ತಾನೆ. ಒಳಗೆ ಬಂದು ಚಾ ಕುಡಿಯಿರಿ ಎಂದು ಜೆನಿಫರ್ ಪ್ರತಿ ಸಲ ಕರೆಯುತ್ತಾಳೆ. ಅವನು ಏನೋ ಕೆಲಸ ಉಂಟು ಎನ್ನುತ್ತಾನೆ. ಕೆಲಸವೇನೂ ಇರುವುದಿಲ್ಲ. ಮಗಳು ಹೊರಗೆ ಬರುವ ತನಕ ಗೇಟಿನ ಆಚೆ, ರಸ್ತೆಯ ಬದಿಯಲ್ಲಿ ನಿಂತಿರುತ್ತಾನೆ.