ಬಾಯಿಮಾತಿಗೆ ಹೋದ ಕಾರು

ನನ್ನ ತಮ್ಮ ಫವ್ವಾಜ್ ನಮ್ಮ ಸಾಲ್ಟ್ ಊರಿನಿಂದ ರಾಜಧಾನಿ ಅಮ್ಮಾನಿಗೆ ಮೂವತ್ತೊಂದು ವರ್ಷ ಬಾಡಿಗೆ ಕಾರು ಓಡಿಸಿದ. ಅರವತ್ತೊಂದನೆಯ ಇಸವಿಯ ಜರ್ಮನ್ ಕಾರು. ಐದು ಜನ ಕೂರುವಲ್ಲಿ ಏಳು ಜನ, ಅವರ ಕಾಲಡಿಗೆ ಒಂದು ಆಡು. ಇವನು ದುಡಿಮೆ ನಿಲ್ಲಿಸಿದ ತಿಂಗಳೇ ಅದೂ ನಿಂತಿತು. ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ತಳ್ಳಿ ನಿಲ್ಲಿಸಿ, “ಹೊಸದರ ಹಾಗೆ ಮಾಡ್ತೀನಿ ನೋಡ್ತಿರಿ” ಅಂದ. ಹಾಗಂದು ಹದಿನಾಲ್ಕು ವರ್ಷವಾಯಿತು.

ಅವನೇನೂ ಸುಮ್ಮನೆ ಕೂತವನಲ್ಲ. ಯೋಜನೆ ಹಾಕುತ್ತಿದ್ದ. ಪ್ರತಿ ಶುಕ್ರವಾರ ನಮಾಜು ಮುಗಿಸಿ ನಾಲ್ವರು ಹಳೇ ಚಾಲಕರು ಬಂದು, ಬಾನೆಟ್ ಎತ್ತಿ, ಸುತ್ತ ಕೂರುತ್ತಿದ್ದರು. ಮೊದಲು ಇಂಜಿನ್ನೋ ಮೊದಲು ತುಕ್ಕೋ ಎನ್ನುವುದಕ್ಕೇ ಒಂಬತ್ತು ವರ್ಷ ಹಿಡಿಯಿತು. ಬಣ್ಣ ಕೆನೆಯದೋ ಬೂದಿಯದೋ ಎನ್ನುವಲ್ಲಿ ಇಬ್ಬರು ಮಾತು ಬಿಟ್ಟರು. ತೀರ್ಮಾನವಾದದ್ದು, ಆಗದ್ದು ಎಲ್ಲವೂ ಏಳು ನೋಟುಬುಕ್ಕುಗಳಲ್ಲಿ ಇತ್ತು. ನನಗೆ ಓದು ಅಷ್ಟಕ್ಕಷ್ಟೆ. ಚಿತ್ರಗಳು ಮಾತ್ರ ಚೆನ್ನಾಗಿದ್ದವು.

ಅವನ ಹೆಂಡತಿ ನುಹಾ ಟೀ ಕೊಟ್ಟೂ ಕೊಟ್ಟೂ ಬೇಸತ್ತಿದ್ದಳು. ಗಂಡನನ್ನು ‘ತಲಾಲನ ಅಪ್ಪ’ ಎಂದೇ ಕರೆಯುವವಳು. “ಅಬು ತಲಾಲ್, ನಮ್ಮ ತಲಾಲನಿಗೆ ಮದುವೆಯಾಗಿ ಮೂರು ಮಕ್ಕಳಾದವು. ನಿಮ್ಮದಿನ್ನೂ ಯೋಜನೆ! ಹಿಂದಿನ ಸೀಟಲ್ಲಿ ಮೊಟ್ಟೆ ಇಡೋ ಕೋಳಿ ನಿಮಗಿಂತ ವಾಸಿ.”

“ಆತುರಪಟ್ರೆ ಕಾರು ಕೆಡುತ್ತೆ ಕಣೇ.”

ಕಳೆದ ವರ್ಷ ಆಲಿವ್ ಕೀಳುವ ಕಾಲಕ್ಕೆ ನಮ್ಮ ಚಿಕ್ಕಮ್ಮ ವಜೀಹಾಳ ಮಗ ಗಸ್ಸಾನ್ ಬ್ರೆಜಿಲ್‌ನಿಂದ ಬಂದ. ಹತ್ತು ವರ್ಷದವನಾಗಿ ಹೋದವನು ಬೋಳುತಲೆ ಹೊತ್ತು ಮರಳಿದ್ದ. ಒಂದು ಶುಕ್ರವಾರ ನಮ್ಮನ್ನೆಲ್ಲ ನೋಡಲು ಬಂದು, ಅಂಗಳದಲ್ಲೇ ನಿಂತುಬಿಟ್ಟ.

“ಅಣ್ಣಾ, ಎಂಥಾ ಚಂದದ ಕಾರು!”

“ನಿಂದೇ ಕಣೋ, ತಗೋ,” ಎಂದ ಫವ್ವಾಜ್.

ಯಾರಾದರೂ ಏನನ್ನಾದರೂ ಹೊಗಳಿದರೆ ನಮಗೆ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ. ಹೊಗಳಿದವನು, ‘ಒಡೆಯನ ಹತ್ತಿರ ಇದ್ದರೇ ಅದಕ್ಕೆ ಶೋಭೆ’ ಎನ್ನಬೇಕು. ಅಲ್ಲಿಗೆ ಮುಗಿಯಿತು. ಗಸ್ಸಾನ್ ಹಾಗೆನ್ನಲಿಲ್ಲ.

“ನಿಜವಾಗ್ಲೂ?” ಎಂದ.

ನನ್ನ ತಮ್ಮ ಮರ್ಯಾದಸ್ಥ. “ಅಲ್ಲಾನಾಣೆ, ನಿಂದೇ,” ಎಂದ.

ಗಸ್ಸಾನ್ ಅವನನ್ನು ತಬ್ಬಿಕೊಂಡು ಅತ್ತೇಬಿಟ್ಟ. ನಾಲ್ವರು ಚಾಲಕರ ಲೋಟಗಳು ತುಟಿಯ ಹತ್ತಿರವೇ ನಿಂತವು. ಆಣೆಯಿಟ್ಟು, ನಾಲ್ಕು ಜನರ ಎದುರು ಕೊಟ್ಟದ್ದನ್ನು ವಾಪಸು ಕೇಳಿ ಊರಲ್ಲಿ ತಲೆಯೆತ್ತಿ ತಿರುಗುವುದುಂಟೆ? ಮರುದಿನ ಟ್ರ್ಯಾಕ್ಟರ್ ಬಂದು ಕಾರನ್ನು ಎಳೆದುಕೊಂಡು ಹೋಯಿತು. ಕೋಳಿಯೂ ಸೀಟಿನಿಂದ ಇಳಿಯದೆ ಹೋಯಿತು.

ನುಹಾ ಅಂಗಳ ತೊಳೆದು ಹಬ್ಬ ಮಾಡಿದಳು. ಫವ್ವಾಜ್ ಮಾತ್ರ ನೆಲದ ಎಣ್ಣೆ ಕಲೆ ನೋಡುತ್ತಾ ಕೂರುತ್ತಿದ್ದ. ತಟ್ಟೆಯ ಮುಂದೆ ಕೂತರೂ ತುತ್ತು ಎತ್ತುತ್ತಿರಲಿಲ್ಲ. ನಾಲ್ಕನೆಯ ದಿನ ಹೊಸ ನೋಟುಬುಕ್ಕು ಹಿಡಿದು ಅಡುಗೆಮನೆಗೆ ಬಂದ. ಒಲೆ ಕಿಟಕಿಯ ಕಡೆ ಬರಬೇಕಂತೆ, ಕಿಟಕಿ ಬಾಗಿಲ ಕಡೆ ಬರಬೇಕಂತೆ. ಶುಕ್ರವಾರ ಆ ನಾಲ್ವರೂ ಅಂಗಳದಲ್ಲಿ ಕೂತು, ಮೊದಲು ಒಲೆ ಕೀಳುವುದೋ ಮೊದಲು ಗೋಡೆ ಕೆಡಹುವುದೋ ಎಂದು ಶುರುಮಾಡಿದರು.

ನುಹಾ ನನ್ನ ಬಳಿ ಓಡಿಬಂದಳು. “ಅತ್ತಿಗೆ, ಆ ಕಾರು ವಾಪಸು ಬರ್ಲಿಲ್ಲ ಅಂದ್ರೆ ನನ್ನ ಅಡುಗೆಮನೆ ಉಳಿಯೋದಿಲ್ಲ. ಆ ಮನುಷ್ಯನೂ ಉಳಿಯೋದಿಲ್ಲ.”

“ಅವನು ಹೊಗಳಿ ತಗೊಂಡ. ನಾವೂ ಹೋಗಿ ಹೊಗಳೋಣ ಬಾ,” ಎಂದೆ.

ಫವ್ವಾಜನನ್ನೂ ಎಬ್ಬಿಸಿಕೊಂಡು ಮೂವರೂ ಚಿಕ್ಕಮ್ಮನ ಮನೆಗೆ ಹೋದೆವು. ಕಾಫಿ ಕುಡಿದದ್ದಾಯಿತು. ಫವ್ವಾಜ್ ಗಂಟಲು ಸರಿಮಾಡಿಕೊಂಡ.

“ಗಸ್ಸಾನ್, ನಿನ್ನ ಕಾರು ಬಹಳ ಚಂದ ಕಣೋ.”

“ಹೌದಣ್ಣ! ನೀವೇ ಕೊಟ್ಟಿದ್ದಲ್ವಾ!”

“ಆ ಬಾಗಿಲು, ಆ ಸ್ಟೇರಿಂಗು... ಅಂಥದ್ದು ಇನ್ನೆಲ್ಲೂ ಸಿಗಲ್ಲ.”

“ಎಲ್ಲೂ ಸಿಗಲ್ಲ ಅಣ್ಣ!”

ಒಳಕೋಣೆಯಿಂದ ಎಂಬತ್ತೆಂಟರ ಚಿಕ್ಕಮ್ಮ ಗುಡುಗಿದಳು. “ಲೋ ಕತ್ತೆ! ಮಾನ ಮರ್ಯಾದೆ ಎಲ್ಲ ಬ್ರೆಜಿಲ್‌ನಲ್ಲೇ ಬಿಟ್ಟು ಬಂದ್ಯಾ? ‘ನಿಮ್ಮದೇ, ತಗೊಳ್ಳಿ’ ಅನ್ನೋ!”

ಗಸ್ಸಾನ್ ಕೆಂಪಾದ. “ನಿಮ್ಮದೇ ಅಣ್ಣ, ತಗೊಳ್ಳಿ.”

‘ಸರಿ’ ಎಂದಿದ್ದರೆ ಮುಗಿದಿತ್ತು. ಆದರೆ ಅರವತ್ತೆಂಟು ವರ್ಷದ ಅಭ್ಯಾಸ ನೋಡಿ! ನನ್ನ ತಮ್ಮನ ಬಲಗೈ ತಾನಾಗಿ ಎದೆಯ ಮೇಲೆ ಬಂತು. “ಛೇ ಛೇ, ಒಡೆಯನ ಹತ್ತಿರ ಇದ್ದರೇ ಅದಕ್ಕೆ ಶೋಭೆ,” ಎಂದುಬಿಟ್ಟ. ಆಮೇಲೆ ಅವನ ಮುಖ ನೋಡಲಾಗದೆ ನಾನು ಕಾಫಿ ಬಟ್ಟಲು ನೋಡಿದೆ.

“ಕಾರು ಚಂದ ಇದೆ ಗಸ್ಸಾನ್,” ಎಂದಳು ನುಹಾ.

ಪಾಠ ಕಲಿತಿದ್ದ ಅವನು ಥಟ್ಟನೆ, “ನಿಮ್ಮದೇ ಅತ್ತಿಗೆ, ತಗೊಳ್ಳಿ,” ಎಂದ.

“ತಗೊಂಡೆ.” ನುಹಾ ಎದ್ದು ನಿಂತಳು. “ನಾಳೆ ಟ್ರ್ಯಾಕ್ಟರ್ ಜೊತೆ ಕಳಿಸು.”

ಒಳಗೆ ಚಿಕ್ಕಮ್ಮ ಕೆಮ್ಮುವಷ್ಟು ನಕ್ಕಳು. ಪಾಪ, ಗಸ್ಸಾನ್ ಕೂಡ ನಕ್ಕ.

ಮನೆಗೆ ಗುಡ್ಡದ ಮೆಟ್ಟಿಲು ಇಳಿದು ಬರುವಾಗ ಫವ್ವಾಜ್ ಹೆಂಡತಿಯ ಪಕ್ಕಕ್ಕೆ ಬಂದು ಮೆಲ್ಲಗೆ, “ನುಹಾ, ನಿನ್ನ ಕಾರು ಚಂದ ಇದೆ,” ಎಂದ.

“ಹೌದು,” ಎಂದಳು. “ಸೋಮವಾರ ಮೆಕ್ಯಾನಿಕ್ ಬಂದು ಇಂಜಿನ್ ಇಳಿಸ್ತಾನೆ. ನೀವು ಪಕ್ಕದಲ್ಲಿ ಟಾರ್ಚು ಹಿಡ್ಕೊಂಡು ನಿಂತ್ಕೊಳ್ಳಿ.”

ಅವನು ಮೂರು ಮೆಟ್ಟಿಲು ಇಳಿದ. ಮುಖ ಅರಳಿತ್ತು.

“ಯಾವ ಕಡೆಯಿಂದ ಹಿಡೀಬೇಕು ಅಂತ ಕೂತು ಯೋಚಿಸ್ಬೇಕು,” ಎಂದ.