ಪೇಂಟರ್ ಚಾಚಾ ಕೊಟ್ಟ ಅಚ್ಚು

ಮಾತಾಡುವಾಗ ಚಾಚಾ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುತ್ತಿದ್ದರು. ಅದು ಅವರ ಗತ್ತು ಅಂದುಕೊಂಡಿದ್ದೆ.

ರೋಣದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದವರು, ಕುಂಚ ಬಿಟ್ಟು ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ಮಾಡಲು ಕೂತ ಮೇಲೂ ಊರಿಗೆಲ್ಲ ಪೇಂಟರ್ ಚಾಚಾನೇ. ಹಳೆಯ ಎಕ್ಸ್‌ರೇ ಹಾಳೆ ಕತ್ತರಿಸಿ ಮಾಡಿದ ಅಕ್ಷರದ ಅಚ್ಚುಗಳು ಇನ್ನೂ ಮೊಳೆಗೆ ತೂಗುತ್ತಿದ್ದವು. ಯಾರದೋ ಪಕ್ಕೆಲುಬುಗಳ ನಡುವೆ ‘ಕಿರಾಣಿ’ ಎಂದಿತ್ತು.

ನಾನು ಚಿಕ್ಕನರಗುಂದದಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪಾಠಗಳನ್ನೆಲ್ಲ ಸ್ಲೈಡಿಗೆ ಹಾಕುವ ಹುಚ್ಚು ಹತ್ತಿತ್ತು. ಚಿತ್ರವನ್ನು ಒಂದೇ ಅಳತೆಗೆ ತಂದು ನಟ್ಟನಡುವೆ ಕೂರಿಸುವ ಮ್ಯಾಕ್ರೊ ಎಂಬ ಪುಟ್ಟ ಪ್ರೋಗ್ರಾಮ್ ಬರೆದು, ಅದನ್ನು ಒಂದು ಗುಂಡಿಗೆ ಕಟ್ಟಿಕೊಟ್ಟವರು ಚಾಚಾ. ಇಂಗ್ಲಿಷ್ ಅರ್ಧಂಬರ್ಧ, ಛಲ ಪೂರ್ತಿ.

ಮೊದಲ ಪಾಠ ಮುಗಿಯಿತಲ್ಲ ಎಂದು ನಾನು ಆ ಪಾಠದ ಕಡತವನ್ನು ಅಳಿಸಿದೆ. ಎರಡನೆಯ ಪಾಠವನ್ನು ಮರುದಿನ ಶಿಕ್ಷಕರ ಸಭೆಯಲ್ಲಿ ತೋರಿಸಬೇಕಿತ್ತು. ಎಪ್ಪತ್ತು ಚಿತ್ರ. ಗುಂಡಿ ಒತ್ತಿದರೆ ಏನೂ ಇಲ್ಲ. ಮ್ಯಾಕ್ರೊ ಇದ್ದದ್ದು ಅಳಿಸಿದ ಕಡತದೊಳಗೆ. ಚಾಚಾನ ಹತ್ತಿರ ಓಡಿದೆ.

“ನೀವ ಕೈಲೆ ಕೂಡ್ರಿಸಿಕೊಡ್ರಿ ಚಾಚಾ. ನಿಮ್ಮ ಕೈ ಭಾಳ ಚಲೋ ಐತಿ.”

ಅವರು ಮೌಸ್ ಹಿಡಿದರು. ಬಾಣದ ಗುರುತು ನಡುಗತೊಡಗಿತು. ಮೂರು ಸಲ ಎಳೆದರೂ ಚಿತ್ರ ಅಂಚಿಗೇ ಜಾರಿತು. ನನಗೆ ನಾಚಿಕೆಯಾಯಿತು.

“ಗೆರಿ ಸೊಟ್ಟ ಆಗಾಕ ಹತ್ತಿದ ದಿನಾನ ಬ್ರಷ್ ಬಿಟ್ಟೇನ್ರಿ ಅಕ್ಕಾರ,” ಎಂದರು. “ಆ ಮ್ಯಾಕ್ರೊ ನಿಮಗಷ್ಟ ಅಂತ ಬರದಿದ್ದಿಲ್ಲ. ಈ ಕೈಗೂ ಬೇಕಾಗಿತ್ತು.”

ಎಡಗೈಯ ಒಂದೇ ಬೆರಳಲ್ಲಿ ಕೀಲಿ ಒತ್ತುತ್ತ ಮ್ಯಾಕ್ರೊ ಮತ್ತೆ ಬರೆದರು. ಸಂಜೆಯಾಯಿತು. ಈ ಸಲ ಅದನ್ನು ಯಾವ ಪಾಠದ ಕಡತಕ್ಕೂ ಅಂಟದ ಆಡ್-ಇನ್ ಆಗಿ ಸೇವ್ ಮಾಡಿ, ನನ್ನ ಕಂಪ್ಯೂಟರಿಗೆ ಲೋಡ್ ಮಾಡುವ ಬಗೆಯನ್ನು ಚೀಟಿಯಲ್ಲಿ ಪ್ರಿಂಟ್ ಮಾಡಿಕೊಟ್ಟರು. ಆಮೇಲೆ ಯಾವ ಪ್ರೆಸೆಂಟೇಶನ್ ತೆರೆದರೂ ಗುಂಡಿ ಹಾಜರು.

“ಗ್ವಾಡಿ ಬರದಮ್ಯಾಲೆ ಅಚ್ಚನ್ನ ಅಲ್ಲೇ ಬಿಟ್ಟು ಬರ್ತಾರೇನ್ರಿ? ಚೀಲದಾಗ ಹಾಕ್ಕೊಂಡು ಬರಬೇಕು. ಜಲ್ಮೆಲ್ಲಾ ಅದನ್ನ ಮಾಡಿ, ಇಲ್ಲಿ ಮರತೆ ನೋಡ್ರಿ.”

ತಪ್ಪು ನನ್ನದಾಗಿತ್ತು. ಅವರು ಅದನ್ನು ತಮ್ಮದು ಮಾಡಿಕೊಂಡರು.

ಎರಡು ವರ್ಷದ ನಂತರ ಚಾಚಾ ತೀರಿಕೊಂಡರು. ನಾನು ತರಬೇತಿಗೆಂದು ಗದಗಿನಲ್ಲಿದ್ದೆ, ಮಣ್ಣಿಗೆ ಹೋಗಲಾಗಲಿಲ್ಲ. ಊರಿಗೆ ಬಂದವಳು ಏನೂ ತೋಚದೆ ಹೊಸ ಪಾಠ ತೆರೆದೆ. ಮಲಪ್ರಭೆಯ ಚಿತ್ರ ಹಾಕಿ ಗುಂಡಿ ಒತ್ತಿದೆ. ಚಿತ್ರ ಚೂರೂ ಅಲುಗದೆ ನಟ್ಟನಡುವೆ ಹೋಗಿ ಕೂತಿತು. ಆಗ ಅಳು ಬಂತು.