ಹಸರಿಗೆ ಒಂದ ಗಂಟು, ಕೆಂಪಿಗೆ ಎರಡು

ನಾನು ಹೊಳೆಯಪ್ಪ. ಬೆಟಗೇರಿಯ ಒಂದು ಪ್ರೆಸ್ಸಿನ್ಯಾಗ ಇಪ್ಪತ್ತೆರಡು ವರ್ಷದಿಂದ ಆಫ್‌ಸೆಟ್ ಮಷೀನ್ ಓಡಸತೇನಿ. ನನ್ನ ಬಾಯಿ ಸ್ವಲ್ಪ ಜೋರು, ಅದನ್ನ ಮೊದಲ ಹೇಳಿಬಿಡತೇನಿ. ಮಷೀನಿನ ಸಪ್ಪಳದಾಗ ಮೆಲ್ಲಕ ಮಾತಾಡಿದರ ಯಾರಿಗೆ ಕೇಳತೈತಿ? ಆದರ ನಮ್ಮ ಪ್ರೆಸ್ಸಿನ ಯಮನೂರಸಾಬರ ಮುಂದ ಈ ಬಾಯಿ ಎರಡ ಸಲ ಮುಚ್ಚೇತಿ. ಒಂದು, ನಾನು ಕೆಲಸಕ್ಕ ಸೇರಿದ ದಿನ. ಇನ್ನೊಂದು, ಹೋದ ಶ್ರಾವಣದಾಗ.

ಸಾಬರಿಗೆ ಈಗ ಐವತ್ತೆಂಟು. ಹರೇದಾಗ ಅಚ್ಚಿನ ಸೀಸದ ಮೊಳಿ ಜೋಡಸತಿದ್ರು, ಆಮ್ಯಾಲೆ ತಾವ ಕುಂತು ಕಂಪ್ಯೂಟರ್ ಕಲತ್ರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಂದ ಫೈಲ್ ಬರಲಿ, ಅವರ ಟೇಬಲ್ ದಾಟಿದ ಮ್ಯಾಲೆನ ಅಚ್ಚಿನ ಪ್ಲೇಟ್ ಆಗೋದು. ಅವರು ಸಿಟ್ಟಾಗೋದನ್ನ ನಾನು ಕಂಡಿದ್ದು ಒಂದ ಕಾರಣಕ್ಕ. ಕರೇ ಅಕ್ಷರ ಕೆಡಿಸಿದ್ರ.

ನಾ ಸೇರಿದ ದಿನ ಮುಂಡರಗಿಯ ಯಾವುದೋ ಸ್ಮರಣ ಸಂಚಿಕಿ ನಡದಿತ್ತು. ಅಕ್ಷರ ಚಲೋ ಬಂದಾವಲ್ರೀ ಅಂತ ನಾನು ಜಂಬ ಕೊಚ್ಚಿದೆ. ಸಾಬರು ನನ್ನ ಕೈಯಾಗ ಭೂತಗನ್ನಡಿ ಕೊಟ್ರು. ನೋಡತೇನಿ, ಒಂದೊಂದು ಒತ್ತಕ್ಷರದ ಸುತ್ತಲೂ ಕೆಂಪು, ನೀಲಿ, ಹಳದಿ ನೆರಳು. ಡಿಸೈನ್ ಮಾಡಿದಾವ ಪುಣ್ಯಾತ್ಮ ಕರೇ ಅಕ್ಷರಕ್ಕ ನಾಲ್ಕೂ ಶಾಯಿ ಸುರದಿದ್ದ. ಒಂದೊಂದು ಶಾಯಿಗೆ ಒಂದೊಂದು ಪ್ಲೇಟು, ನಾಲ್ಕೂ ಒಂದ ಜಾಗದಾಗ ಬಡೀಬೇಕು, ಹಾಳಿ ಒಂದು ಕೂದಲೆಳಿ ಸರದ್ರೂ ಅಕ್ಷರ ಮುಸುಕು. 'ಕರೇದು ಒಂದ ಪ್ಲೇಟಿನ್ಯಾಗ, ಒಂದ ಶಾಯಿದಾಗ ಬರಬೇಕು ಹೊಳೆಯಪ್ಪ. ಬಣ್ಣದ ಮ್ಯಾಲೆ ಬಂದ್ರ ಕೆಳಗಿನ ಬಣ್ಣಾ ಕೊರದು ಅಕ್ಷರದ ಜಾಗಾ ಖಾಲಿ ಬಿಡಬಾರದು, ಅದರ ಮ್ಯಾಲೆನ ಹೊಡೀಬೇಕು,' ಅಂದ್ರು. ಅವತ್ತ ನನ್ನ ಬಾಯಿ ಮುಚ್ಚಿತು.

ಬಣ್ಣದ ವಿಷಯದಾಗ ಮಾತ್ರ ಸಾಬರದು ಬ್ಯಾರೇನ ಪದ್ಧತಿ. ಗಿರಾಕಿಗೆ ತಮ್ಮದ ಅಂತ ಒಂದು ಖಾಸ ಬಣ್ಣ ಬೇಕಂದ್ರ ಅದಕ್ಕ ಶಾಯಿ ಬ್ಯಾರೆ ಕಲಸಬೇಕು, ಪ್ಲೇಟೂ ಬ್ಯಾರೆ ಮಾಡಬೇಕು. ಜನ ನಮೂನಿಗೆ ಅರಿವಿ ತುಂಡು, ದಾರ ತರತಾರ. ಸಾಬರು ಅದನ್ನ ಅಂಗೈ ಮ್ಯಾಲೆ ಇಟ್ಟುಕೊಂಡು, 'ಇದಕ್ಕ ನಿಮ್ಮ ಮನ್ಯಾಗ ಏನಂತೀರಿ?' ಅಂತ ಕೇಳತಿದ್ರು. ಬದನಿಕಾಯಿ ಬಣ್ಣ ಅಂದ್ರ ಬದನಿಕಾಯಿ ಅಂತ ಬರಕೊಂಡು, ನಮೂನಿ ದಾರಕ್ಕ ಒಂದು ಗಂಟು. ಮುಂದಿನದಕ್ಕ ಎರಡು ಗಂಟು. ಏನ ಮರ್ಯಾದಸ್ಥ ಮನಶಾ ಇವರು, ಗಿರಾಕಿ ಮಾತಿಗೆ ಎಷ್ಟ ಕಿಮ್ಮತ್ತು ಕೊಡತಾರ ಅಂತ ನಾವೆಲ್ಲಾ ಅನ್ನತಿದ್ದಿವಿ. ಗಂಟಿನ ಬಗ್ಗೆ ನಾನು ಭಾಳ ಚ್ಯಾಷ್ಟಿ ಮಾಡೇನಿ. ಈಗ ನೆನಸಿಕೊಂಡ್ರ ನಾಚಿಕಿ ಬರತೈತಿ.

ನಮ್ಮ ಮಾಲಕರು ಅಂದಪ್ಪನವರು ತೀರಿಕೊಂಡು ಎರಡು ವರ್ಷಾತು. ಈಗ ಮಗ ನಂದೀಶ ನೋಡಿಕೊಳ್ಳತಾನ. ಒಳ್ಳೇವ, ಆದರ ಎಲ್ಲಾ ಜಲ್ದಿ ಆಗಬೇಕು ಅವಗ. ಹೋದ ಶ್ರಾವಣದಾಗ ಒಂದು ಹೊಸಾ ಕಾಯ್ದೆ ತಂದ. 'ಇನ್ನ ಮ್ಯಾಲೆ ಬಣ್ಣಾ ಪಾಸ್ ಮಾಡೋ ಸಹಿ ಯಮನೂರ ಚಾಚಾರದು. ಅವರ ಸಹಿ ಇಲ್ಲದ ಮಷೀನ್ ಚಾಲೂ ಮಾಡಬ್ಯಾಡ್ರಿ.' ದೊಡ್ಡ ಮಾನ ಅದು. ನಾನು ಪೇಢೆ ಕೊಡಸ್ರಿ ಅಂದೆ. ಸಾಬರು ನಗಲಿಲ್ಲ.

ಅದೇ ವಾರ ನೇಕಾರ ಓಣಿಯ ಅಮೃತವ್ವ ಬಂದಿದ್ಲು. ಆಕಿ ಹೆಣ್ಣುಮಕ್ಕಳ ಒಂದು ಸಂಘ ಕಟ್ಟಿ ಸೀರಿ ನೇಯಸತಾಳ, ಸೀರಿ ಡಬ್ಬಿಗೆ ಚೀಟಿ ಬೇಕಾಗಿತ್ತು. ಅಂಚು ಹಸರು, ನಡುವ ದಾಳಿಂಬ್ರಿ ಕೆಂಪು, ಅದರ ಮ್ಯಾಲೆ ಕರೇ ಅಕ್ಷರದಾಗ ಸಂಘದ ಹೆಸರು. ಸಾಬರು ನಮಾಜಿಗೆ ಹೋಗಿದ್ರು. ನಂದೀಶ ತಾನ ಆರ್ಡರ್ ಬರಕೊಂಡು, ಆಕಿ ತಂದ ಎರಡೂ ನಮೂನಿ ದಾರ ಒಂದ ಪಾಕೀಟಿನ್ಯಾಗ ಹಾಕಿ ಸಾಬರ ಟೇಬಲ್ ಮ್ಯಾಲೆ ಇಟ್ಟ.

ಮರುದಿನ ಪ್ಲೇಟ್ ನನ್ನ ಕಡೆ ಬಂದ್ವು. ಒಂದೊಂದು ಪ್ಲೇಟಿನ ಲಕೋಟಿ ಮ್ಯಾಲೆ ಬಣ್ಣದ ಹೆಸರು, ಬಾಜೂಕ ದಾರ ಅಂಟಿಸಿದ್ರು. ಒಂದರ ಮ್ಯಾಲೆ ಸಾಬರ ದುಂಡಾನ ಅಕ್ಷರದಾಗ 'ಅಂಚು, ಹಸರು' ಅಂತ ಬರದಿತ್ತು. ಅಂಟಿಸಿದ್ದು ಕೆಂಪು ದಾರ. ಇನ್ನೊಂದು ನೋಡಿದೆ. 'ನಡುವ, ಕೆಂಪು.' ಅಂಟಿಸಿದ್ದು ಹಸರು.

ನನಗ ಪಿತ್ತ ನೆತ್ತಿಗೇರಿತು. ನನ್ನ ಚ್ಯಾಷ್ಟಿ ಮಾಡಾಕ ಹಿಂಗ ಮಾಡ್ಯಾರ ಅಂತ ತಿಳದು ದಡದಡ ಮ್ಯಾಲೆ ಸಾಬರ ಖೋಲಿಗೆ ಹತ್ತಿದೆ. 'ಏನ್ರೀ ಸಾಬ್ರ, ಹಸರು ಯಾವುದು, ಕೆಂಪು ಯಾವುದು ಅಂತ ಗೊತ್ತಾಗಂಗಿಲ್ಲೇನ್ರಿ ನಿಮಗ?' ಅಂದೆ.

ಸಾಬರು ಲಕೋಟಿ ಇಸಗೊಂಡ್ರು. ದಾರ ಕಿಡಕಿ ಬೆಳಕಿಗೆ ಹಿಡದ್ರು, ಹೊಳ್ಳಿಸಿ ನೋಡಿದ್ರು. 'ಗೊತ್ತಾಗಂಗಿಲ್ಲ,' ಅಂದ್ರು.

ಅದ ನೋಡ್ರಿ, ಎರಡನೇ ಸಲ ನನ್ನ ಬಾಯಿ ಮುಚ್ಚಿದ್ದು. ಹುಟ್ಟಿದಾಗಿಂದ ಹಂಗಂತ. ಹಸರು, ಕೆಂಪು ಎರಡೂ ಅವರಿಗೆ ಒಂದ ನಮೂನಿ ಮಣ್ಣಿನ ಬಣ್ಣ. ಕಂಪ್ಯೂಟರಿನ್ಯಾಗ ಬಣ್ಣಕ್ಕ ಹೆಸರು, ಅಂಕಿ ಇರತಾವ, ಅದನ್ನ ಓದಿ ಕೆಲಸಾ ಮಾಡತಿದ್ರು. ಕೈಯಾಗಿನ ದಾರಕ್ಕ ಅಂಕಿ ಎಲ್ಲಿಂದ ಬರಬೇಕು? ಅದಕ್ಕ ಆ ಪ್ರಶ್ನಿ, ಅದಕ್ಕ ಆ ಗಂಟು. ಈ ಸಲ ಕೇಳಾಕ ಗಿರಾಕಿನೂ ಇರಲಿಲ್ಲ, ದಾರಕ್ಕ ಗಂಟೂ ಇರಲಿಲ್ಲ. ಬಣ್ಣಾ ಕಾಣದವರನ್ನ ಬಣ್ಣದ ಕುರ್ಚಿ ಮ್ಯಾಲೆ ಯಾವ ಮಾಲಕ ಇಟಗೋತಾನ? ನಂದೀಶಗ ಖಬರ ಹತ್ತಿದ್ರ ಸಾಬರು ಮನಿಗೇ ಹೋಗಬೇಕಾಗತಿತ್ತು. ಎರಡೂ ದಾರ ಕಿತ್ತು ಅದಲು ಬದಲು ಅಂಟಸಾಕ ಹತ್ತಿದೆ.

ಅಷ್ಟರಾಗ ನಂದೀಶ ಬಂದ. 'ಯಾಕ ಮಷೀನ್ ನಿಂತೈತಿ?'

'ನಂದ ತಪ್ಪು,' ಅಂದೆ. 'ದಾರ ಉದರಿದ್ವು, ನಾ ಅದಲು ಬದಲು ಅಂಟಿಸಿದ್ದೆ.' ಇಪ್ಪತ್ತೆರಡು ವರ್ಷದಾಗ ನಂದು ತಪ್ಪು ಅಂತ ನಾನು ಒಪ್ಪಿಕೊಂಡಿದ್ದು ಅದ ಮೊದಲು, ಅದೂ ಸುಳ್ಳು.

'ಅಂವ ಸುಳ್ಳ ಹೇಳಾಕತ್ತಾನ ನಂದೀಶಪ್ಪ,' ಅಂದ್ರು ಸಾಬರು. ಎದ್ದು ನಿಂತಿದ್ರು. 'ನನಗ ಈ ಎರಡೂ ದಾರ ಒಂದ ಕಾಣತಾವ. ಇಲ್ಲೀತನಕ ಮುಚ್ಚಿಟ್ಟಿದ್ದೆ. ಆದರ ಈಗ ನೀ ನನ್ನ ಸಹಿ ಕೇಳಿದಿ. ಕಾಣದ ಬಣ್ಣಕ್ಕ ಸಹಿ ಹಾಕಾಕ ನನಗ ಆಗೂದಿಲ್ಲ.'

ನಂದೀಶ ಕುರ್ಚಿ ಎಳಕೊಂಡು ಕುಂತ. 'ಅಪ್ಪಗ ಗೊತ್ತಿತ್ತೇನು ಚಾಚಾ?'

'ಗೊತ್ತಿತ್ತು. ಗಂಟು ಹಾಕೋದು ಕಲಿಸಿದವರ ಅವರು. ನಾ ಊರಾಗ ಇಲ್ಲದಾಗ ಆರ್ಡರ್ ಬಂದ್ರ ತಾವ ಗಂಟು ಹಾಕಿ ಇಡತಿದ್ರು. ಯಾರ ಮುಂದೂ ಬಾಯಿ ಬಿಟ್ಟಿಲ್ಲ.'

ನಂದೀಶ ಹಸರು ದಾರ ಕೈಯಾಗ ಹಿಡಕೊಂಡ. 'ಇದಕ್ಕ ಎಷ್ಟ ಗಂಟು?'

'ಹಸರಿಗೆ ಒಂದು. ಕೆಂಪಿಗೆ ಎರಡು.' ಅಂದ್ರು ಸಾಬರು.

ನಂದೀಶ ಒಂದ ಗಂಟು ಹಾಕಿದ. ಕೆಂಪಿಗೆ ಎರಡು. ಆಮ್ಯಾಲೆ ನನ್ನ ಕಡೆ ನೋಡಿ, 'ಬಣ್ಣದ ಸಹಿ ನೀನ ಹಾಕು ಹೊಳೆಯಪ್ಪ, ಚಾಚಾರ ಬಾಜೂಕ ಕುಂತು. ಕರೇ ಅಕ್ಷರದ ಸಹಿ ಅವರದು,' ಅಂದು ಕೆಳಗ ಇಳದು ಹೋದ.

ಮಧ್ಯಾಹ್ನ ಮೊದಲನೇ ಚೀಟಿ ಹಸೀದಿದ್ದಾಗನ ಸಾಬರ ಟೇಬಲ್ಲಿಗೆ ಒಯ್ದೆ. ಭೂತಗನ್ನಡಿ ಇಟ್ಟು ಕರೇ ಅಕ್ಷರ ಒಂದೊಂದ ನೋಡಿ ಸಹಿ ಹಾಕಿದ್ರು. ಆಮ್ಯಾಲೆ, ಇಷ್ಟ ವರ್ಷದಾಗ ಒಮ್ಮಿಯೂ ಕೇಳದ್ದು ಕೇಳಿದ್ರು. 'ದಾಳಿಂಬ್ರಿ ಹೆಂಗ ಬಂದೈತಿ?'

'ಚಲೋ ಬಂದೈತ್ರಿ.'

'ಎಷ್ಟ ಚಲೋ?'

ಕೆಂಪು ಕಾಣದವರಿಗೆ ಕೆಂಪು ಹೆಂಗ ಹೇಳೋದು? ಚೀಟಿ ನೋಡಿದೆ, ಅವರ ಮಾರಿ ನೋಡಿದೆ.

'ನಿಮ್ಮ ಕರೇ ಅಕ್ಷರದಷ್ಟ ಚಲೋ ಬಂದೈತ್ರಿ ಸಾಬ್ರ,' ಅಂದೆ.

ಸಾಬರು ಚೀಟಿ ಮತ್ತೊಮ್ಮಿ ಬೆಳಕಿಗೆ ಹಿಡದು, ಅಕ್ಷರ ಬಿಟ್ಟು ಅದರ ಸುತ್ತಲಿನ ಬಣ್ಣಾನ ನೋಡಿಕೋತ ಕುಂತ್ರು.